ಲಕ್ಷ್ಮಣ ಎಷ್ಟು ಸಲ ಬಿದ್ದ? ಯುದ್ಧಕಾಂಡದಲ್ಲಿ ನಾನು ಎಡವಿದ ಜಾಗ

ಪ್ರಶ್ನೆ ಸುಲಭದ್ದೇ ಇತ್ತು. ‘ವಾಲ್ಮೀಕಿ ರಾಮಾಯಣದಲ್ಲಿ ಹನುಮಂತ ಬೆಟ್ಟ ಹೊತ್ತು ತಂದಿದ್ದು ಯಾರ ಆಯುಧಕ್ಕೆ ಬಿದ್ದವರನ್ನು ಎಬ್ಬಿಸೋಕೆ?’ ನಾನು ಹಿಂದೆಮುಂದೆ ನೋಡದೆ ಬಜರ್ ಒತ್ತಿ ‘ಇಂದ್ರಜಿತು’ ಅಂದೆ. ತಪ್ಪು ಅಂದರು. ಪಕ್ಕದ ತಂಡದವರು ‘ರಾವಣ’ ಅಂದರು. ಅವರಿಗೆ ಹತ್ತು ಅಂಕ. ನಾನು ಜಗಳಕ್ಕೆ ಹೋದೆ. ಆದರೆ ಕೈಯಲ್ಲಿ ಪುಸ್ತಕ ಇರಲಿಲ್ಲ, ತಲೆಯಲ್ಲಿ ಇದ್ದಿದ್ದು ಚಿಕ್ಕಂದಿನಲ್ಲಿ ನೋಡಿದ ಟಿವಿ ಧಾರಾವಾಹಿ ಮಾತ್ರ. ಸುಮ್ಮನೆ ಬಂದು ಕೂತೆ.

ಆಮೇಲೆ ಯುದ್ಧಕಾಂಡವನ್ನು ಸರ್ಗ ಸರ್ಗವಾಗಿ ಓದಿದೆ. ಗೊತ್ತಾಗಿದ್ದು ಇಷ್ಟು: ನಾನೂ ಸರಿ, ಅವರೂ ಸರಿ. ಪ್ರಶ್ನೆಯೇ ಅರ್ಧ. ವಾಲ್ಮೀಕಿಯಲ್ಲಿ ಬೆಟ್ಟ ಎರಡು ಸಲ ಬರುತ್ತದೆ! ಇದು ಗೊತ್ತಿದ್ದವರಿಗೆ ಈ ಟಿಪ್ಪಣಿ ಬೇಕಿಲ್ಲ. ನನ್ನ ಹಾಗೆ ಒಂದೇ ಸಲ ಅಂದುಕೊಂಡವರು ಓದಿ. ಕಥೆ ಎಲ್ಲರಿಗೂ ಗೊತ್ತು, ಹಾಗಾಗಿ ಸೇತುವೆ ಕಟ್ಟಿದ್ದು, ಲಂಕೆಗೆ ಮುತ್ತಿಗೆ ಹಾಕಿದ್ದು ಎಲ್ಲ ಬಿಟ್ಟಿದ್ದೇನೆ. ಸರ್ಗದ (ಅಧ್ಯಾಯದ) ಸಂಖ್ಯೆಗಳು ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ದಾಕ್ಷಿಣಾತ್ಯ ಪಾಠದ್ದು, ಅಂದರೆ ದಕ್ಷಿಣದಲ್ಲಿ ಬಳಕೆಯಲ್ಲಿರುವ ಪ್ರತಿಗಳದ್ದು. ನಿಮ್ಮ ಪ್ರತಿಯಲ್ಲಿ ಒಂದೆರಡು ಹೆಚ್ಚುಕಡಿಮೆ ಇರಬಹುದು.

ಹಾ-ಶ-ಬ್ರ-ಶ

ಬೆಟ್ಟ ಎಷ್ಟು ಸಲ ಬಂತು ಅಂತ ಎಣಿಸಲು ಹೋದರೆ ಗೊಂದಲ ಜಾಸ್ತಿ ಆಗುತ್ತದೆ. ಲಕ್ಷ್ಮಣ ಎಷ್ಟು ಸಲ ಬಿದ್ದ ಅಂತ ಎಣಿಸಿ. ನಾಲ್ಕು ಸಲ. ಮೊದಲು ಹಾವು, ಆಮೇಲೆ ಶಕ್ತಿ, ಆಮೇಲೆ ಬ್ರಹ್ಮಾಸ್ತ್ರ, ಕೊನೆಗೆ ಮತ್ತೆ ಶಕ್ತಿ. ಹಾ-ಶ-ಬ್ರ-ಶ. ಜೋರಾಗಿ ಹೇಳಿದರೆ ಹಲ್ಲುಜ್ಜುವ ಬ್ರಶ್ ನೆನಪಾಗುತ್ತದೆ. ಪರವಾಗಿಲ್ಲ, ನೆನಪಲ್ಲಿ ಉಳಿದರೆ ಸಾಕು.

ಇದರಲ್ಲಿ ಹಾವು ಮತ್ತು ಬ್ರಹ್ಮಾಸ್ತ್ರ ಇಂದ್ರಜಿತುವಿನವು. ಎರಡು ಶಕ್ತಿಗಳೂ ರಾವಣನವು. ಒಂದು ಬಿಟ್ಟು ಒಂದು: ಮಗ, ಅಪ್ಪ, ಮಗ, ಅಪ್ಪ. ಬೆಟ್ಟ ಬಂದಿದ್ದು ಕೊನೆಯ ಎರಡಕ್ಕೆ. ಅಂದರೆ ಮಗನ ಬ್ರಹ್ಮಾಸ್ತ್ರಕ್ಕೆ ಒಂದು ಸಲ, ಅಪ್ಪನ ಶಕ್ತಿಗೆ ಒಂದು ಸಲ.

‘ಶಕ್ತಿ’ ಅಂದರೆ ಇಲ್ಲಿ ಬಲ ಅಂತ ಅಲ್ಲ. ಕೈಯಿಂದ ಬೀಸಿ ಎಸೆಯುವ ಈಟಿ. ಕರ್ಣನ ಹತ್ತಿರ ಇಂದ್ರ ಕೊಟ್ಟಿದ್ದ, ಘಟೋತ್ಕಚನ ಮೇಲೆ ಖರ್ಚಾದ ಶಕ್ತಿಯೂ ಇದೇ ಜಾತಿಯದ್ದು. ನಾನು ಬಹಳ ದಿನ ‘ಶಕ್ತಿ ಪ್ರಯೋಗ ಮಾಡಿದ’ ಅಂದರೆ ಏನೋ ಮಂತ್ರ ಹಾಕಿದ ಅಂದುಕೊಂಡಿದ್ದೆ.

ಹಾವು

45ನೇ ಸರ್ಗದ ಆಸುಪಾಸು. ಇಂದ್ರಜಿತು ಕಣ್ಣಿಗೆ ಕಾಣದೆ ಬಾಣ ಬಿಡುತ್ತಾನೆ, ಬಾಣಗಳು ಹಾವಾಗಿ ಸುತ್ತಿಕೊಳ್ಳುತ್ತವೆ, ಅಣ್ಣತಮ್ಮ ಇಬ್ಬರೂ ನೆಲಕ್ಕೆ. ಕೊನೆಗೆ ಗರುಡ ಬರುತ್ತಾನೆ, ಹಾವುಗಳು ಓಡುತ್ತವೆ. ಇಲ್ಲಿ ಬೆಟ್ಟ ಇಲ್ಲ. ಮುಗಿಯಿತು ಅಂತ ಮುಂದಕ್ಕೆ ಹೋಗಬಹುದಿತ್ತು. ಆದರೆ ಎರಡು ವಿಷಯ ಇಲ್ಲೇ ಗಂಟು ಹಾಕಿಕೊಂಡಿವೆ, ಮುಂದೆ ಬೇಕಾಗುತ್ತವೆ.

ಒಂದು, ದ್ರೋಣದ ಹೆಸರು. ಗರುಡ ಬರುವ ಮುಂಚೆ ವಾನರರ ವೈದ್ಯ ಸುಷೇಣ ಒಂದು ಸಲಹೆ ಕೊಡುತ್ತಾನೆ. ಹಿಂದೆ ದೇವಾಸುರರ ಯುದ್ಧದಲ್ಲಿ ಬೃಹಸ್ಪತಿ ಮಂತ್ರ, ಮದ್ದು ಎರಡನ್ನೂ ಬಳಸಿ ದೇವತೆಗಳನ್ನು ಉಳಿಸುತ್ತಿದ್ದ. ಆ ಮದ್ದು ಹಾಲ್ಗಡಲಿನಲ್ಲಿರುವ ಚಂದ್ರ, ದ್ರೋಣ ಅನ್ನುವ ಎರಡು ಬೆಟ್ಟಗಳ ಮೇಲಿದೆ. ಹನುಮಂತ ಹೋಗಿ ತರಲಿ ಅನ್ನುತ್ತಾನೆ. ಅಷ್ಟರಲ್ಲಿ ಗಾಳಿ ಎದ್ದು ಗರುಡನೇ ಬಂದುಬಿಡುತ್ತಾನೆ, ಹನುಮಂತ ಹೋಗುವುದೇ ಇಲ್ಲ. ನಾವು ‘ದ್ರೋಣಗಿರಿ ಹೊತ್ತ ಹನುಮ’ ಅನ್ನುತ್ತೇವಲ್ಲ, ಆ ದ್ರೋಣ ವಾಲ್ಮೀಕಿಯಲ್ಲಿ ಸಿಗುವುದು ಹನುಮಂತ ಹೋಗದ ಈ ಪ್ರಸಂಗದಲ್ಲಿ! ಅವನು ನಿಜವಾಗಿ ಹೊತ್ತು ತಂದ ಬೆಟ್ಟವನ್ನು ಕವಿ ಓಷಧಿಪರ್ವತ ಅನ್ನುತ್ತಾನೆ. ಅದು ಹಿಮಾಲಯದಲ್ಲಿದೆ, ಹಾಲ್ಗಡಲಿನಲ್ಲಲ್ಲ.

ಇನ್ನೊಂದು, ತ್ರಿಜಟೆಯ ಮಾತು. ರಾವಣ ಸೀತೆಯನ್ನು ಪುಷ್ಪಕದಲ್ಲಿ ಕೂರಿಸಿ, ನೋಡು ನಿನ್ನ ಗಂಡ ಸತ್ತ ಅಂತ ತೋರಿಸಲು ಕಳಿಸುತ್ತಾನೆ. ಸೀತೆ ಗೋಳೋ ಅಂತ ಅಳುತ್ತಾಳೆ. ಜೊತೆಗಿದ್ದ ತ್ರಿಜಟೆ ಎರಡು ಮಾತು ಹೇಳುತ್ತಾಳೆ. ಅವರಿಬ್ಬರೂ ಸತ್ತಿದ್ದರೆ ಈ ವಿಮಾನ ನಿನ್ನನ್ನು ಹೊರುತ್ತಿರಲಿಲ್ಲ. ಮತ್ತೆ, ಸತ್ತವರ ಮುಖ ವಿಕಾರ ಆಗುತ್ತದೆ, ಇವರ ಮುಖದ ಕಳೆ ಹೋಗಿಲ್ಲ. ಈ ಎರಡನೇ ಮಾತು ನೆನಪಿಡಿ. ಐವತ್ತು ಸರ್ಗ ಆದಮೇಲೆ ಸುಷೇಣ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ. ವೈದ್ಯನಿಗಿಂತ ಮೊದಲು ಕಾವಲಿನ ಹೆಂಗಸು ಹೇಳಿದಳು ಅನ್ನೋದು ನನಗೆ ಖುಷಿ ಕೊಟ್ಟ ವಿಷಯ.

ಎತ್ತಲಾರದ ರಾವಣ

ಎರಡನೇ ಬೀಳು 59ನೇ ಸರ್ಗದಲ್ಲಿ. ನಾನು ಇದನ್ನು ಪೂರ್ತಿ ಮರೆತೇಬಿಟ್ಟಿದ್ದೆ. ಗೊಂದಲದ ಬೇರು ಇಲ್ಲೇ ಇರೋದು, ಯಾಕಂದರೆ ಇಲ್ಲಿಯೂ ರಾವಣ, ಇಲ್ಲಿಯೂ ಶಕ್ತಿ.

ಸೇನಾಪತಿ ಪ್ರಹಸ್ತ ಸತ್ತಮೇಲೆ ರಾವಣ ತಾನೇ ಯುದ್ಧಕ್ಕೆ ಬರುತ್ತಾನೆ. ಬ್ರಹ್ಮ ಕೊಟ್ಟಿದ್ದ ಶಕ್ತಿಯನ್ನು ಲಕ್ಷ್ಮಣನ ಎದೆಗೆ ಎಸೆಯುತ್ತಾನೆ. ಲಕ್ಷ್ಮಣ ಬೀಳುತ್ತಾನೆ. ರಾವಣ ಓಡಿ ಬಂದು ಅವನನ್ನು ತಬ್ಬಿ ಎತ್ತಿಕೊಂಡು ಹೋಗಲು ನೋಡುತ್ತಾನೆ. ಆಗುವುದಿಲ್ಲ. ಹಿಮವಂತ, ಮಂದರ, ಮೇರು ಬೆಟ್ಟಗಳನ್ನೇ ಎತ್ತಬಲ್ಲ ತೋಳಿಗೆ ಬಿದ್ದ ಒಬ್ಬ ಮನುಷ್ಯನನ್ನು ಎತ್ತಲು ಆಗಲಿಲ್ಲ ಅಂತ ಕವಿ ಹೇಳುತ್ತಾನೆ.

ಅಷ್ಟರಲ್ಲಿ ಹನುಮಂತ ಬಂದು ರಾವಣನ ಎದೆಗೆ ಒಂದು ಗುದ್ದು ಕೊಡುತ್ತಾನೆ. ರಾವಣ ಮಂಡಿಯೂರಿ ರಕ್ತ ಕಾರುತ್ತಾನೆ. ಹನುಮಂತ ಲಕ್ಷ್ಮಣನನ್ನು ಎರಡು ಕೈಯಲ್ಲಿ ಎತ್ತಿಕೊಂಡು ರಾಮನ ಹತ್ತಿರ ಹೋಗುತ್ತಾನೆ. ಶತ್ರುವಿಗೆ ಅಲ್ಲಾಡಿಸಲೂ ಆಗದ ದೇಹ ಹನುಮಂತನಿಗೆ ಹಗುರ ಆಯಿತು. ಯಾಕೆ? ಸ್ನೇಹದಿಂದ, ಭಕ್ತಿಯಿಂದ. ಕವಿ ಎರಡೇ ಪದದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ನಿಷ್ಠೆಗೆ ತೂಕ ಇಳಿಸುವ ಗುಣ ಇದೆ ಅಂತ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳೋದು? ಬೆಟ್ಟ ಎತ್ತುವ ಮೊದಲು ಹನುಮಂತ ಲಕ್ಷ್ಮಣನನ್ನು ಎತ್ತಿದ್ದಾನೆ. ಇದು ಗೊತ್ತಿದ್ದರೆ ಮುಂದಿನ ಬೆಟ್ಟ ಅಷ್ಟೇನೂ ಭಾರ ಅನ್ನಿಸುವುದಿಲ್ಲ.

ಮದ್ದು ಯಾರೂ ಕೊಡುವುದಿಲ್ಲ. ಲಕ್ಷ್ಮಣ ತಾನು ವಿಷ್ಣುವಿನ ಅಂಶ ಅನ್ನುವುದನ್ನು ನೆನೆದು ತಾನಾಗಿಯೇ ಚೇತರಿಸಿಕೊಳ್ಳುತ್ತಾನೆ. ಹಾಗಾಗಿ ಇಲ್ಲಿ ಬೆಟ್ಟಕ್ಕೆ ಕೆಲಸ ಇಲ್ಲ. ಇದೇ ಸರ್ಗದ ಕೊನೆಯಲ್ಲಿ ರಾಮ ರಾವಣನಿಗೆ ‘ದಣಿದಿದ್ದೀಯ, ಹೋಗು, ಸುಧಾರಿಸಿಕೊಂಡು ಬಾ’ ಅಂತ ಬಿಟ್ಟು ಕಳಿಸುವುದು. ‘ಇಂದು ಹೋಗಿ ನಾಳೆ ಬಾ’ ಎಲ್ಲರಿಗೂ ನೆನಪಿರುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ನಡೆದ ಈ ಎತ್ತುವ ದೃಶ್ಯ ಯಾರ ಬಾಯಲ್ಲೂ ಬರುವುದಿಲ್ಲ.

ಬ್ರಹ್ಮಾಸ್ತ್ರದ ರಾತ್ರಿ

ಈಗ 73 ಮತ್ತು 74. ಕುಂಭಕರ್ಣ ಸತ್ತಾಗಿದೆ. ಇಂದ್ರಜಿತು ಎರಡನೇ ಸಲ ಬರುತ್ತಾನೆ, ಬ್ರಹ್ಮಾಸ್ತ್ರ ಬಿಡುತ್ತಾನೆ. ರಾಮ ಲಕ್ಷ್ಮಣನಿಗೆ ಹೇಳುವ ಮಾತು ವಿಚಿತ್ರವಾಗಿದೆ: ಇದು ಬ್ರಹ್ಮನ ಅಸ್ತ್ರ, ಸಹಿಸಿಕೊಳ್ಳೋಣ. ನಾವು ಬಿದ್ದಿದ್ದು ನೋಡಿದರೆ ಇವನು ಗೆದ್ದೆ ಅಂದುಕೊಂಡು ವಾಪಸ್ ಹೋಗುತ್ತಾನೆ. ಅಂದರೆ ಇದು ಗೊತ್ತಿದ್ದೇ ಬಿದ್ದಿದ್ದು.

ದಿನದ ಕೊನೆಯ ಐದನೇ ಒಂದು ಭಾಗದಲ್ಲಿ 67 ಕೋಟಿ ವಾನರರು ಬಿದ್ದರು ಅಂತ ಲೆಕ್ಕ ಇದೆ. ಹಗಲನ್ನು 30 ಗಳಿಗೆ ಅಂತ ಹಿಡಿದರೆ ಐದನೇ ಒಂದು ಭಾಗ ಅಂದರೆ 6 ಗಳಿಗೆ, 144 ನಿಮಿಷ. ಮೊಬೈಲಲ್ಲಿ ಭಾಗಿಸಿ ನೋಡಿದೆ. ನಿಮಿಷಕ್ಕೆ ಸುಮಾರು 46 ಲಕ್ಷ. ಇದರಿಂದ ಏನೂ ಉಪಯೋಗ ಇಲ್ಲ, ಆದರೆ ಒಮ್ಮೆ ಲೆಕ್ಕ ಹಾಕಿದ ಮೇಲೆ ಆ ಸಂಖ್ಯೆ ಮರೆಯುವುದಿಲ್ಲ.

ಈ ಸರ್ಗವನ್ನು ನಿಧಾನವಾಗಿ ಓದಬೇಕು. ರಾತ್ರಿ. ನಿಂತಿರುವವರು ಇಬ್ಬರೇ: ವಿಭೀಷಣ, ಹನುಮಂತ. ಕೈಯಲ್ಲಿ ಕೊಳ್ಳಿ ಹಿಡಿದುಕೊಂಡು ಹೆಣಗಳ ಮಧ್ಯೆ ನಡೆಯುತ್ತಾರೆ. ಉಸಿರು ಇರುವವರು ಯಾರಾದರೂ ಇದ್ದಾರಾ ಅಂತ ಹುಡುಕುತ್ತಾರೆ. ಸುಗ್ರೀವ ಬಿದ್ದಿದ್ದಾನೆ, ಅಂಗದ ಬಿದ್ದಿದ್ದಾನೆ, ನೀಲ ಬಿದ್ದಿದ್ದಾನೆ. ಕೊನೆಗೆ ಜಾಂಬವಂತ ಸಿಗುತ್ತಾನೆ. ಮುದುಕ. ಮೈತುಂಬಾ ಬಾಣ. ಆರುತ್ತಿರುವ ಬೆಂಕಿಯ ಹಾಗಿದ್ದ ಅನ್ನುತ್ತಾನೆ ಕವಿ.

ವಿಭೀಷಣ ಹತ್ತಿರ ಹೋಗಿ, ಅಜ್ಜಾ ಜೀವ ಇದೆಯಾ ಅನ್ನುವ ಧಾಟಿಯಲ್ಲಿ ಕೇಳುತ್ತಾನೆ. ಜಾಂಬವಂತನಿಗೆ ಕಣ್ಣು ಕಾಣುತ್ತಿಲ್ಲ. ದನಿಯ ಮೇಲೆ ಗುರುತು ಹಿಡಿಯುತ್ತಾನೆ. ಕಷ್ಟಪಟ್ಟು ಒಂದೇ ಪ್ರಶ್ನೆ ಕೇಳುತ್ತಾನೆ: ಹನುಮಂತ ಬದುಕಿದ್ದಾನಾ?

ವಿಭೀಷಣನಿಗೆ ಇದು ಅರ್ಥ ಆಗುವುದಿಲ್ಲ. ನನಗೂ ಆಗಿರಲಿಲ್ಲ. ರಾಮನ ಬಗ್ಗೆ ಕೇಳಲಿಲ್ಲ, ಲಕ್ಷ್ಮಣನ ಬಗ್ಗೆ ಕೇಳಲಿಲ್ಲ, ರಾಜ ಸುಗ್ರೀವನ ಬಗ್ಗೆ, ಯುವರಾಜ ಅಂಗದನ ಬಗ್ಗೆ ಕೇಳಲಿಲ್ಲ. ಹನುಮಂತನ ಮೇಲೆ ಮಾತ್ರ ಯಾಕಪ್ಪಾ ಇಷ್ಟು ಪ್ರೀತಿ ಅಂತ ಬಾಯಿಬಿಟ್ಟೇ ಕೇಳುತ್ತಾನೆ. ಜಾಂಬವಂತ ಹೇಳುತ್ತಾನೆ: ಅವನೊಬ್ಬ ಬದುಕಿದ್ದರೆ ಸೈನ್ಯ ಎಲ್ಲ ಸತ್ತಿದ್ದರೂ ಸತ್ತ ಹಾಗಲ್ಲ. ಅವನು ಸತ್ತಿದ್ದರೆ ನಾವು ಬದುಕಿದ್ದರೂ ಸತ್ತ ಹಾಗೆ.

ಇಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ನಿಷ್ಠೆ ಅಂದರೆ ಒಡೆಯನ ಹೆಸರು ಮೊದಲು ಬರಬೇಕು ಅನ್ನೋದು ನಮ್ಮ ಲೆಕ್ಕ. ಈ ಮುದುಕ ಸಾಯುವ ಹೊತ್ತಲ್ಲಿ ಒಡೆಯನ ಹೆಸರು ಬಿಟ್ಟು ಅವನನ್ನು ಉಳಿಸಬಲ್ಲವನ ಹೆಸರು ಹಿಡಿದ. ಇನ್ನೊಂದು ವಿಷಯವನ್ನೂ ಗಮನಿಸಿ. ಈ ಹೊತ್ತಲ್ಲಿ ಹನುಮಂತನಿಗೆ ಅಪ್ಪಣೆ ಕೊಡುವವರು ಯಾರೂ ಎದ್ದು ನಿಂತಿಲ್ಲ. ರಾಮ ಮಾತಾಡುವ ಸ್ಥಿತಿಯಲ್ಲಿಲ್ಲ, ಸುಗ್ರೀವನೂ ಇಲ್ಲ. ಕಣ್ಣು ಕಾಣದ ಮುದುಕನ ಕಾಲು ಮುಟ್ಟಿ, ನಾನಿದ್ದೇನೆ ಅಂತ ಹೇಳಿ, ಅವನ ಮಾತಿನ ಮೇಲೆ ಹಾರುತ್ತಾನೆ. ಸಮುದ್ರ ದಾಟುವಾಗಲೂ ಅವನಿಗೆ ಅವನ ಬಲ ನೆನಪು ಮಾಡಿದ್ದು ಇದೇ ಜಾಂಬವಂತ ಅಲ್ವಾ?

ಮುಂದಿನದ್ದು ನಿಮಗೆ ಗೊತ್ತು. ಹಿಮಾಲಯ, ಋಷಭ ಮತ್ತು ಕೈಲಾಸ ಶಿಖರಗಳ ಮಧ್ಯೆ ಹೊಳೆಯುವ ಬೆಟ್ಟ. ಗಿಡಗಳು, ಯಾರೋ ಕೀಳಲು ಬಂದ ಅಂತ ಗೊತ್ತಾಗಿ ಅಡಗಿಕೊಳ್ಳುತ್ತವೆ. ಹನುಮಂತನಿಗೆ ಸಿಟ್ಟು ಬರುತ್ತದೆ. ರಾಮನ ಮೇಲೆ ನಿನಗೆ ಕರುಣೆ ಇಲ್ವಾ ಅಂತ ಬೆಟ್ಟವನ್ನೇ ಬೈದು, ಶಿಖರ ಮುರಿದು ಹೊತ್ತು ತರುತ್ತಾನೆ. ಅರೆಯಲಿಲ್ಲ, ಕುಡಿಸಲಿಲ್ಲ. ಗಾಳಿಯಲ್ಲಿ ಮದ್ದಿನ ವಾಸನೆ ಬಂದಿದ್ದಷ್ಟೇ, ರಾಮ ಲಕ್ಷ್ಮಣರು ಎದ್ದರು. ವಾನರರೆಲ್ಲ ನಿದ್ದೆಯಿಂದ ಎದ್ದ ಹಾಗೆ ಎದ್ದು ಕೂತರು.

ಹಾಗಾದರೆ ಅಲ್ಲೇ ಸತ್ತು ಬಿದ್ದಿದ್ದ ರಾಕ್ಷಸರು ಯಾಕೆ ಏಳಲಿಲ್ಲ? ವಾಸನೆ ಅವರ ಮೂಗಿಗೂ ಹೋಗಬೇಕಿತ್ತಲ್ಲ? ಈ ಪ್ರಶ್ನೆ ಕೇಳಿದರೆ ಓದುವ ಬಳಗದಲ್ಲಿ ನಗುತ್ತಾರೆ ಅಂದುಕೊಂಡಿದ್ದೆ. ಆದರೆ ವಾಲ್ಮೀಕಿಯೇ ಇದನ್ನು ಯೋಚಿಸಿದ್ದಾನೆ. ಯುದ್ಧ ಶುರುವಾದಾಗಿನಿಂದ, ಸತ್ತ ರಾಕ್ಷಸರನ್ನು ಆಗಿಂದಾಗಲೇ ಸಮುದ್ರಕ್ಕೆ ಎಸೆಯಬೇಕು ಅಂತ ರಾವಣನ ಆಜ್ಞೆ ಇತ್ತು. ಮಾನದ ಪ್ರಶ್ನೆ. ಎಷ್ಟು ಜನ ಸತ್ತರು ಅಂತ ಯಾರಿಗೂ ಗೊತ್ತಾಗಬಾರದು. ಹೆಣ ಬಚ್ಚಿಟ್ಟಿದ್ದಕ್ಕೆ ರಾವಣನಿಗೆ ಸಿಕ್ಕ ಫಲ ಇದು: ಎದ್ದು ಬರಬಹುದಾಗಿದ್ದವರು ಮೀನಿನ ಪಾಲಾಗಿದ್ದರು.

ಕೆಲಸ ಆದಮೇಲೆ ಹನುಮಂತ ಬೆಟ್ಟವನ್ನು ಹಿಮಾಲಯಕ್ಕೆ ತಗೊಂಡು ಹೋಗಿ ಇಟ್ಟು ವಾಪಸ್ ಬರುತ್ತಾನೆ. ಇದನ್ನು ಅಡಿಗೆರೆ ಹಾಕಿಕೊಳ್ಳಿ. ಎರಡನೇ ಸಲ ಮತ್ತೆ ಯಾಕೆ ಹೋಗಬೇಕಾಯಿತು ಅನ್ನೋದಕ್ಕೆ ಉತ್ತರ ಇಲ್ಲಿದೆ.

ನಾಲ್ಕು ಮದ್ದು, ನನ್ನ ಅಡ್ಡದಾರಿ

‘ಸಂಜೀವಿನಿ’ ಒಂದೇ ಗಿಡ ಅಲ್ಲ. ಜಾಂಬವಂತ ನಾಲ್ಕು ಹೆಸರು ಹೇಳುತ್ತಾನೆ: ಮೃತಸಂಜೀವನಿ, ವಿಶಲ್ಯಕರಣಿ, ಸುವರ್ಣಕರಣಿ, ಸಂಧಾನಕರಣಿ. ಮೂರು ದಿನ ಬಾಯಿಪಾಠ ಮಾಡಿದೆ. ಪ್ರತಿ ಸಲ ಒಂದು ಬಿಟ್ಟುಹೋಗುತ್ತಿತ್ತು, ಅದೂ ವಿಶಲ್ಯಕರಣಿಯೇ. ಕಾರಣ ಆಮೇಲೆ ಹೊಳೆಯಿತು. ನಮ್ಮ ಮನೆಯಲ್ಲಿ ಶಲ್ಯ ಅಂದರೆ ಅಜ್ಜ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ವಸ್ತ್ರ. ದೇವಸ್ಥಾನಕ್ಕೆ ಹೋಗುವಾಗ ಜರಿಯದ್ದು, ಮನೆಯಲ್ಲಿ ಹತ್ತಿಯದ್ದು. ಶಲ್ಯ ಇಲ್ಲದ ಹಾಗೆ ಮಾಡುವ ಗಿಡ ಅಂದರೆ ನನ್ನ ತಲೆಯಲ್ಲಿ ಅಜ್ಜ ಬರಿಮೈಯಲ್ಲಿ ನಿಂತುಕೊಳ್ಳುತ್ತಿದ್ದ. ಇನ್ನೊಬ್ಬ ಶಲ್ಯ ಕರ್ಣನ ಸಾರಥಿ. ಅದೂ ಇಲ್ಲಿ ಹೊಂದುವುದಿಲ್ಲ.

ಸಂಸ್ಕೃತದಲ್ಲಿ ಶಲ್ಯ ಅಂದರೆ ಮೈಯೊಳಗೆ ಸಿಕ್ಕಿಹಾಕಿಕೊಂಡ ಚೂಪು ವಸ್ತು. ಮುಳ್ಳು, ಬಾಣದ ಮೊನೆ, ಈಟಿಯ ತುದಿ. ಆಯುರ್ವೇದದಲ್ಲಿ ಕತ್ತಿ-ಇಕ್ಕಳದ ಚಿಕಿತ್ಸೆಗೆ ಶಲ್ಯತಂತ್ರ ಅಂತ ಹೆಸರು ಬಂದಿದ್ದು ಇದರಿಂದಲೇ. ವಿ-ಶಲ್ಯ-ಕರಣಿ: ಒಳಗೆ ಮುರಿದುಕೊಂಡ ಮೊನೆ ಹೊರಗೆ ಬರುವ ಹಾಗೆ ಮಾಡುವಂಥದ್ದು. ಇದು ಗೊತ್ತಾದಮೇಲೆ ಉಳಿದವು ತಾವಾಗಿಯೇ ಸಾಲಾಗಿ ನಿಂತವು. ಯುದ್ಧದಲ್ಲಿ ಗಾಯ ಆದವನಿಗೆ ಮೊದಲು ಏನು ಮಾಡಬೇಕು? ಮೊನೆ ತೆಗೆಯಬೇಕು. ಆಮೇಲೆ ಹರಿದ ಮಾಂಸ, ಮುರಿದ ಮೂಳೆ ಕೂಡಿಸಬೇಕು, ಅದು ಸಂಧಾನ. ಆಮೇಲೆ ಗಾಯದ ಕಲೆ ಹೋಗಿ ಚರ್ಮ ಮೊದಲಿನ ಬಣ್ಣಕ್ಕೆ ಬರಬೇಕು. ಕೊನೆಗೆ ಜೀವ. ತೆಗೆ, ಕೂಡಿಸು, ಬಣ್ಣ ಬರಿಸು, ಎಬ್ಬಿಸು. ನಾಲ್ಕು ಕೆಲಸ, ನಾಲ್ಕು ಮದ್ದು. ಜಾಂಬವಂತ ಹೇಳುವ ಕ್ರಮ ಇದಲ್ಲ, ಅವನು ಮೃತಸಂಜೀವನಿಯಿಂದಲೇ ಶುರು ಮಾಡುತ್ತಾನೆ. ಪರೀಕ್ಷೆಗೆ ಬೇಕಾದರೆ ಅವನ ಕ್ರಮ ಬರೆಯಿರಿ, ನೆನಪಿಗೆ ನನ್ನ ಕ್ರಮ ಇರಲಿ.

ಮೂರನೆಯದರ ಹೆಸರನ್ನು ‘ಸುವರ್ಣಕರಣಿ’ ಅಂತ ಓದಿ ಚಿನ್ನ ಮಾಡುವ ಗಿಡ ಅಂದುಕೊಳ್ಳಬೇಡಿ. ಕೆಲವು ಪಾಠಗಳಲ್ಲಿ ‘ಸಾವರ್ಣ್ಯಕರಣಿ’ ಅಂತಲೇ ಇದೆ. ಸವರ್ಣ, ಅಂದರೆ ಅದೇ ಬಣ್ಣ. ಗಾಯ ಆದ ಜಾಗ ಪಕ್ಕದ ಚರ್ಮದ ಹಾಗೇ ಆಗುವುದು.

ಜಾತ್ರೆಯಲ್ಲಿ ಒಣಗಿದ ಮುಷ್ಟಿಯ ಹಾಗಿರುವ ಗಿಡ ತೋರಿಸಿ ಸಂಜೀವಿನಿ ಅಂತ ಮಾರುತ್ತಾರಲ್ಲ, ಅಮ್ಮ ಒಂದು ತಂದಿದ್ದರು. ರಾತ್ರಿ ಸ್ಟೀಲ್ ಲೋಟದ ನೀರಲ್ಲಿ ಇಟ್ಟರೆ ಬೆಳಿಗ್ಗೆ ಬೆರಳು ಬಿಚ್ಚಿದ ಹಾಗೆ ಅರಳಿ ಹಸಿರಾಗಿತ್ತು. ನೀರು ಸಿಕ್ಕರೆ ಅರಳುವ ಸೆಲಜಿನೆಲ್ಲ ಅನ್ನುವ ಜಾತಿಯ ಗಿಡ ಅದು. ಅದು ತಾನು ಎದ್ದಿತು ಸರಿ, ಇನ್ನೊಬ್ಬರನ್ನು ಎಬ್ಬಿಸುತ್ತದೆ ಅಂತ ಅದರ ಮೇಲೆ ಭಾರ ಹಾಕೋದು ಬೇಡ.

ಗಂಟೆ ಕಟ್ಟಿದ ಶಕ್ತಿ

ನಾಲ್ಕನೇ ಬೀಳು 100ನೇ ಸರ್ಗದಲ್ಲಿ, ಮದ್ದು 101ರಲ್ಲಿ. ಇಲ್ಲಿ ಒಂದು ಸರಳ ಪರೀಕ್ಷೆ: ಈ ಹೊತ್ತಿಗೆ ಇಂದ್ರಜಿತು ಸತ್ತಾಗಿದೆ. ನಿಕುಂಭಿಲೆಯ ಯಜ್ಞ ಕೆಡಿಸಿ ಲಕ್ಷ್ಮಣನೇ ಅವನನ್ನು ಕೊಂದಾಗಿದೆ. ಸತ್ತವನು ಶಕ್ತಿ ಎಸೆಯಲಾರ. ಅಷ್ಟೇ. ಇಷ್ಟು ಸಣ್ಣ ವಿಷಯ ಅವತ್ತು ವೇದಿಕೆಯ ಮೇಲೆ ನೆನಪಾಗಿದ್ದರೆ, ‘ಸ್ವಾಮಿ, ಎರಡೂ ಸರಿ’ ಅಂತ ವಾದಿಸಬಹುದಿತ್ತು.

ಎರಡು ಶಕ್ತಿಗಳನ್ನು ಬೇರೆ ಮಾಡಲು ಗಂಟೆ ನೆನಪಿಡಿ. ಮೊದಲನೆಯದು ಬ್ರಹ್ಮ ಕೊಟ್ಟಿದ್ದು, ಗಂಟೆ ಇಲ್ಲ. ಇದು ಮಯ ಮಾಡಿದ್ದು, ಎಂಟು ಗಂಟೆ ಕಟ್ಟಿದ್ದು, ಸದ್ದು ಮಾಡುತ್ತಾ ಬರುತ್ತದೆ.

ಆದರೆ ಇದನ್ನು ಬರೆಯಲು ಕೂತಿದ್ದು ಗಂಟೆಗಾಗಿ ಅಲ್ಲ. ಆ ಶಕ್ತಿ ಲಕ್ಷ್ಮಣನಿಗೆ ಅಂತ ಹೊರಟಿದ್ದೇ ಅಲ್ಲ! ವಿಭೀಷಣ ಗದೆಯಿಂದ ರಾವಣನ ರಥದ ಕುದುರೆಗಳನ್ನು ಕೊಲ್ಲುತ್ತಾನೆ. ರಾವಣನಿಗೆ ತಮ್ಮನ ಮೇಲೆ ಉರಿ. ಒಂದು ಈಟಿ ಎಸೆಯುತ್ತಾನೆ. ಲಕ್ಷ್ಮಣ ಮೂರು ಬಾಣದಲ್ಲಿ ಅದನ್ನು ಕತ್ತರಿಸುತ್ತಾನೆ. ರಾವಣ ಇನ್ನೂ ದೊಡ್ಡದನ್ನು ಎತ್ತುತ್ತಾನೆ. ವಿಭೀಷಣನ ಪ್ರಾಣಕ್ಕೆ ಬಂತು ಅಂತ ಲಕ್ಷ್ಮಣ ಓಡಿ ಬಂದು ಅಡ್ಡ ನಿಂತು ಬಾಣದ ಮಳೆ ಸುರಿಸುತ್ತಾನೆ. ಆಗ ರಾವಣ, ನೀನು ಅವನನ್ನು ಉಳಿಸಿದೆಯಲ್ಲ, ಹಾಗಾದರೆ ಇದು ಅವನನ್ನು ಬಿಟ್ಟು ನಿನಗೇ ಬರಲಿ ಅಂತ ಎಸೆಯುತ್ತಾನೆ. ಎದೆ ಸೀಳಿ ನೆಲಕ್ಕೆ ನಾಟಿಕೊಳ್ಳುತ್ತದೆ.

ಈಗ ಆ ಬ್ರಹ್ಮಾಸ್ತ್ರದ ರಾತ್ರಿಗೆ ವಾಪಸ್ ಹೋಗಿ. ಕೊಳ್ಳಿ ಹಿಡಿದು ಹೆಣಗಳ ಮಧ್ಯೆ ಹುಡುಕಿದವರಲ್ಲಿ ಒಬ್ಬ ವಿಭೀಷಣ. ಆ ರಾತ್ರಿ ಅವನು ಹುಡುಕದೇ ಇದ್ದಿದ್ದರೆ ಜಾಂಬವಂತ ಸಿಗುತ್ತಿರಲಿಲ್ಲ, ಮದ್ದಿನ ಜಾಗ ಗೊತ್ತಾಗುತ್ತಿರಲಿಲ್ಲ, ಲಕ್ಷ್ಮಣ ಏಳುತ್ತಿರಲಿಲ್ಲ. ಆ ಲಕ್ಷ್ಮಣ ಈಗ ವಿಭೀಷಣನ ಮುಂದೆ ಎದೆ ಕೊಟ್ಟು ನಿಂತ. ಶತ್ರುವಿನ ತಮ್ಮ, ಆಶ್ರಯ ಕೇಳಿ ಬಂದವನು. ಅವನನ್ನು ಸೇರಿಸಿಕೊಳ್ಳೋದು ಬೇಡ, ಗೂಢಚಾರ ಇರಬಹುದು ಅಂತ ಸುಗ್ರೀವ ಹಟ ಹಿಡಿದಿದ್ದ ಅನ್ನೋದೂ ನೆನಪಿರಲಿ. ಎರಡು ಪ್ರಸಂಗವನ್ನು ಒಂದೇ ಮಾಡಿ ‘ಇಂದ್ರಜಿತು ಹೊಡೆದ, ಹನುಮಂತ ತಂದ’ ಅಂತ ಹೇಳಿದರೆ ಕಳೆದುಹೋಗುವುದು ಇದೇ. ಲಕ್ಷ್ಮಣ ಯಾರಿಗೋಸ್ಕರ ಬಿದ್ದ ಅನ್ನುವುದೇ ಅಳಿಸಿಹೋಗುತ್ತದೆ. ನನಗೆ ಹತ್ತು ಅಂಕ ಹೋದದ್ದಕ್ಕಿಂತ ಇಷ್ಟು ವರ್ಷ ಇದು ಗೊತ್ತಿರಲಿಲ್ಲವಲ್ಲ ಅನ್ನೋದು ಜಾಸ್ತಿ ಬೇಜಾರಾಯಿತು.

ರಾಮ ತಮ್ಮನ ಎದೆಯಿಂದ ಆ ಶಕ್ತಿಯನ್ನು ಕೈಯಲ್ಲೇ ಕಿತ್ತು ಮುರಿಯುತ್ತಾನೆ. ಕೀಳುವಷ್ಟು ಹೊತ್ತೂ ರಾವಣ ಅವನ ಮೈಗೆ ಬಾಣ ಬಿಡುತ್ತಲೇ ಇರುತ್ತಾನೆ. ಆಮೇಲೆ ಆ ಹೆಸರುವಾಸಿ ಅಳು: ಹೆಂಡತಿಯರು ಊರೂರಲ್ಲಿ ಸಿಗಬಹುದು, ನೆಂಟರೂ ಸಿಗಬಹುದು, ಒಡಹುಟ್ಟಿದವನು ಸಿಗುವ ಊರು ಕಾಣೆ. ಮೂಲದಲ್ಲಿ ‘ಸಹೋದರ’ ಅಂತಲೇ ಇದೆ. ಲಕ್ಷ್ಮಣ ಸುಮಿತ್ರೆಯ ಮಗ, ಒಂದೇ ಹೊಟ್ಟೆ ಅಲ್ಲವಲ್ಲ ಅಂತ ನಮ್ಮ ಬಳಗದಲ್ಲಿ ಒಬ್ಬರು ತಕರಾರು ತೆಗೆದರು. ಚರ್ಚೆ ಕಾಫಿ ಆರುವ ತನಕ ನಡೆಯಿತು. ನನ್ನ ಮಟ್ಟಿಗೆ, ಅಳುವವನ ಬಾಯಲ್ಲಿ ವಂಶಾವಳಿ ಹುಡುಕಬಾರದು.

ಸುಷೇಣ ಬಂದು ನೋಡುತ್ತಾನೆ. ಮುಖ ಕಪ್ಪಿಟ್ಟಿಲ್ಲ, ಕಳೆ ಹೋಗಿಲ್ಲ. ಅಂಗೈ ಕೆಂಪಗಿದೆ. ಕಣ್ಣು ತಿಳಿಯಾಗಿದೆ. ಸತ್ತವರು ಹೀಗಿರುವುದಿಲ್ಲ. (ತ್ರಿಜಟೆ!) ಆಮೇಲೆ ಹನುಮಂತನಿಗೆ, ಹಿಂದೆ ಜಾಂಬವಂತ ಹೇಳಿದ್ದನಲ್ಲ, ಅದೇ ಬೆಟ್ಟಕ್ಕೆ ಹೋಗು ಅನ್ನುತ್ತಾನೆ. ಬೆಟ್ಟ ಎರಡು ಸಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಯಾರಾದರೂ ವಾದ ಮಾಡಿದರೆ ಈ ಮಾತು ತೋರಿಸಿ.

ಎರಡನೇ ಸಲ ಗಿಡಗಳು ಅಡಗುವುದಿಲ್ಲ. ಹನುಮಂತನಿಗೇ ಯಾವ ಗಿಡ ಅಂತ ಗುರುತು ಸಿಗುವುದಿಲ್ಲ. ಸಿಟ್ಟೂ ಮಾಡುವುದಿಲ್ಲ, ನಿಂತು ಯೋಚನೆ ಮಾಡುತ್ತಾನೆ: ಸುಷೇಣ ಹೇಳಿದ ಪ್ರಕಾರ ಇದೇ ಶಿಖರದಲ್ಲಿ ಇರಬೇಕು. ಬರಿಗೈಯಲ್ಲಿ ಹೋದರೆ ಹೊತ್ತು ಮೀರುತ್ತದೆ, ಅನಾಹುತ ಆಗುತ್ತದೆ. ಸರಿ, ಶಿಖರವನ್ನೇ ಎತ್ತು. ಈ ಸಲ ವಾಸನೆ ಸಾಲುವುದಿಲ್ಲ. ಸುಷೇಣ ಗಿಡ ಕಿತ್ತು, ಜಜ್ಜಿ, ಲಕ್ಷ್ಮಣನ ಮೂಗಿಗೆ ಕೊಡುತ್ತಾನೆ. ಮೊದಲ ಸಲ ಪವಾಡ, ಎರಡನೇ ಸಲ ವೈದ್ಯ. ಅಡಗಿದ್ದು, ಸಿಟ್ಟು, ವಾಸನೆ ಇದ್ದರೆ 74. ಗುರುತು ಸಿಗದ್ದು, ಯೋಚನೆ, ಮೂಗಿಗೆ ಮದ್ದು ಇದ್ದರೆ 101.

ಎದ್ದ ಲಕ್ಷ್ಮಣನನ್ನು ರಾಮ ಅಪ್ಪಿಕೊಂಡು, ನೀನು ಸತ್ತಿದ್ದರೆ ನನಗೆ ಸೀತೆಯೂ ಬೇಡವಾಗಿತ್ತು, ಗೆಲುವೂ ಬೇಡವಾಗಿತ್ತು ಅನ್ನುತ್ತಾನೆ. ಲಕ್ಷ್ಮಣ ಇನ್ನೂ ಸುಸ್ತಿನ ದನಿಯಲ್ಲಿ ಅಣ್ಣನನ್ನು ಗದರುತ್ತಾನೆ: ಕೊಟ್ಟ ಮಾತು ಏನಾಯಿತು? ಹೊತ್ತು ಮುಳುಗುವ ಮುಂಚೆ ಅವನನ್ನು ಮುಗಿಸು.

ಗೊಂದಲ ಎಲ್ಲಿಂದ ಬಂತು

ಇದನ್ನು ಬೇಗ ಮುಗಿಸುತ್ತೇನೆ. ತುಳಸೀದಾಸರ ರಾಮಚರಿತಮಾನಸದಲ್ಲಿ ಲಕ್ಷ್ಮಣನಿಗೆ ಶಕ್ತಿ ಎಸೆಯುವುದು ಮೇಘನಾದ, ಅಂದರೆ ಇಂದ್ರಜಿತು. ಸುಷೇಣ ಲಂಕೆಯ ವೈದ್ಯ, ಹನುಮಂತ ಅವನನ್ನು ಮನೆಸಮೇತ ಎತ್ತಿಕೊಂಡು ಬರುತ್ತಾನೆ. ದಾರಿಯಲ್ಲಿ ಅಡ್ಡ ಬರುವ ರಾಕ್ಷಸ ಕಾಲನೇಮಿ, ಅಯೋಧ್ಯೆಯ ಮೇಲೆ ಹಾರುವಾಗ ಭರತನ ಬಾಣ, ಎಲ್ಲ ಅಲ್ಲಿನದ್ದು. ನಾನು ಟಿವಿಯಲ್ಲಿ ನೋಡಿದ್ದು ಈ ದಾರಿಯ ಕಥೆ. ವಾಲ್ಮೀಕಿಯ ಸುಷೇಣ ವಾನರ, ತಾರೆಯ ತಂದೆ, ಮೊದಲಿನಿಂದಲೂ ರಾಮನ ಪಾಳೆಯದಲ್ಲೇ ಇರುವವನು. ಒಂದು ಕಥೆ ಸುಳ್ಳು ಇನ್ನೊಂದು ನಿಜ ಅಂತಲ್ಲ. ಪ್ರಶ್ನೆಯಲ್ಲಿ ‘ವಾಲ್ಮೀಕಿ’ ಅಂತ ಇದ್ದರೆ ವಾಲ್ಮೀಕಿಯ ಉತ್ತರ ಕೊಡಬೇಕು, ಅಷ್ಟೇ.

ಜೈನ ರಾಮಾಯಣಗಳಲ್ಲಿ ಇನ್ನೂ ಮಜಾ ಇದೆ. ವಿಮಲಸೂರಿಯ ಪ್ರಾಕೃತ ಪಉಮಚರಿಯದಲ್ಲಿ ರಾವಣನ ಶಕ್ತಿಗೆ ಬಿದ್ದ ಲಕ್ಷ್ಮಣನನ್ನು ಉಳಿಸುವುದು ಗಿಡ ಅಲ್ಲ, ವಿಶಲ್ಯೆ ಅನ್ನುವ ಹುಡುಗಿ. ವಿಶಲ್ಯಕರಣಿ ಅನ್ನುವ ಮದ್ದಿನ ಹೆಸರೇ ಹೆಣ್ಣಾಗಿ ಬಂದ ಹಾಗಿದೆ ಅಲ್ವಾ? ಬೆಟ್ಟ ಹೊರುವ ತೊಂದರೆಯೇ ಇಲ್ಲ. ನಮ್ಮ ನಾಗಚಂದ್ರನ ಪಂಪರಾಮಾಯಣ ಇದೇ ಪರಂಪರೆಯದು. ಅದನ್ನು ಇನ್ನೂ ಶುರು ಮಾಡಿದ್ದೇನೆ ಅಷ್ಟೇ, ಮುಗಿದಮೇಲೆ ಅದಕ್ಕೆ ಬೇರೆ ಟಿಪ್ಪಣಿ.

ಕೊನೆಗೆ ಒಂದು ಎಚ್ಚರಿಕೆ. ಯಕ್ಷಗಾನದಲ್ಲಿ ಮೈರಾವಣ ಕಾಳಗ ನೋಡಿದವರು, ಪಾತಾಳಕ್ಕೆ ಹೋಗಿ ರಾಮ ಲಕ್ಷ್ಮಣರನ್ನು ಬಿಡಿಸಿ ತಂದದ್ದು ಯಾವ ಸರ್ಗದಲ್ಲಿ ಅಂತ ಯುದ್ಧಕಾಂಡದಲ್ಲಿ ಹುಡುಕಬೇಡಿ. ವಾಲ್ಮೀಕಿಯಲ್ಲಿ ಮೈರಾವಣನೇ ಇಲ್ಲ. ನಾನು ಎರಡು ಭಾನುವಾರ ಹುಡುಕಿದೆ.